ಅಜ್ಜನ ವಾಲ್ವ್ ಸೆಟ್ಟು, ನನ್ನ ಬೇಸ್ ಗಿಟಾರು

ತುಂಬ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸಿನ ಮೇಲೆ ರಿಲೀಸು. ಮಧ್ಯೆ ಯುಗಾದಿಗೆ ಊರಿಗೆ ಹೋಗಿ ಬಂದೆ. ಅಲ್ಲಿ ಸಿಕ್ಕಿದ ಒಂದು ವಸ್ತುವಿನ ಬಗ್ಗೆ ಬರೆಯಲೇಬೇಕು ಅನ್ನಿಸಿ, ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಟೀ ಮಾಡಿಕೊಂಡು ಬನ್ನಿ :)

ನಾನು ಬೇಸ್ ಗಿಟಾರ್ ನುಡಿಸುತ್ತೇನೆ ಅಂತ ಹಳೇ ಓದುಗರಿಗೆ ಗೊತ್ತು. ಊರಿನಲ್ಲಿ ಮಾತ್ರ ಇದು ಯಾರಿಗೂ ಅರ್ಥವಾಗಿಲ್ಲ. ಮೊದಲ ಸಲ ಗಿಟಾರು ತೆಗೆದುಕೊಂಡು ಹೋದಾಗ ನಾಲ್ಕೇ ತಂತಿ ನೋಡಿ ಅಮ್ಮ, "ಉಳಿದೆರಡು ಯಾವಾಗ ಹಾಕಿಸ್ತೀಯಪ್ಪ?" ಅಂತ ಕೇಳಿದ್ದಳು. ಬೇಸ್ ನುಡಿಸುವವರಿಗೆ ಒಂದು ಸಾಮಾನ್ಯ ಕಾಯಿಲೆ ಇದೆ. ಕೆಲವು ವರ್ಷ ಕಳೆದ ಮೇಲೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಸದ್ದು ಸಪ್ಪೆ ಅನ್ನಿಸಲು ಶುರುವಾಗುತ್ತದೆ. ಹಳೇ ವಾಲ್ವ್ ಆಂಪ್ಲಿಫೈಯರ್ ಬೇಕು ಅನ್ನಿಸುತ್ತದೆ. ಗಾಜಿನ ಬುಡ್ಡಿಗಳು ಕೆಂಪಗೆ ಉರಿಯುತ್ತಾ ಕೊಡುವ ಆ ದಪ್ಪ, ಬೆಚ್ಚನೆಯ ನಾದದ ಮೇಲೆ ಮನಸ್ಸು ಹೋಗುತ್ತದೆ. ನನಗೂ ಹೋಯಿತು. ಬೆಲೆ ನೋಡಿದೆ. ಮನಸ್ಸನ್ನು ವಾಪಸ್ ಕರೆದುಕೊಂಡೆ.

ಫೋನಿನಲ್ಲಿ ಮಾಮನ ಹತ್ತಿರ ಮಾತಿಗೆ ಮಾತು ಬಂದು ಇದನ್ನು ಹೇಳಿದೆ. ಮಾಮನದು ಕೊಟ್ಟೂರಿನಲ್ಲಿ ಸೌಂಡ್ ಸರ್ವೀಸು, ಅಜ್ಜನ ಕಾಲದಿಂದ ಬಂದದ್ದು. ಮಾಮ ನಕ್ಕ.

"ವಾಲ್ವ್ ಸೆಟ್ಟಾ? ನಮ್ಮ ಅಟ್ಟದ ಮ್ಯಾಲೆ ಒಂದು ಬಿದ್ದೈತಲ್ಲೋ. ಗುಜರಿಯವನು ಎರಡು ಸಲ ಕೇಳಿ ಹೋಗ್ಯಾನ. ಟ್ರಾನ್ಸ್‌ಫಾರ್ಮರಿನಾಗ ತಾಮ್ರ ಐತಲ್ಲ, ಅದಕ್ಕ. ಯುಗಾದಿಗೆ ಬರೋದಾದ್ರ ಬಂದು ನೋಡು. ತಡ ಆದ್ರ ತೂಕಕ್ಕೆ ಹಾಕ್ತೀನಿ."

ಅಷ್ಟು ಸಾಕಾಯಿತು. ಬಸ್ ಟಿಕೆಟ್ ಬುಕ್ ಮಾಡಿದೆ.

*

ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಭೂಗೋಳ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಊರುಗಳು. ಆಡಳಿತದವರು ನಮ್ಮನ್ನು ಆಗಾಗ ಎತ್ತಿ ಬೇರೆ ಕಡೆ ಇಡುತ್ತಿರುತ್ತಾರೆ. 1953ರವರೆಗೆ ನಾವು ಮದ್ರಾಸಿನವರು, ಆಮೇಲೆ ಮೈಸೂರಿನವರು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದರು, 2018ರಲ್ಲಿ ವಾಪಸ್ ಬಳ್ಳಾರಿಗೆ ತಂದರು. 2021ರಲ್ಲಿ ಎಲ್ಲ ಸೇರಿ ವಿಜಯನಗರ ಜಿಲ್ಲೆ ಆಯಿತು. ಜಿಲ್ಲೆ ಯಾವುದಾದರೂ ಜಾತ್ರೆ ಮಾತ್ರ ಬದಲಾಗಿಲ್ಲ. ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರು, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ, ಕುರುವತ್ತಿಯಲ್ಲಿ ಬಸವೇಶ್ವರ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಅಮ್ಮ. ಜನ ಸೇರುವ ಸೀಮೆ ನಮ್ಮದು. ಜನ ಸೇರಿದರೆ ಸದ್ದು. ಸದ್ದಿನ ನಡುವೆ ಒಬ್ಬನ ಮಾತು ಎಲ್ಲರಿಗೂ ಕೇಳಬೇಕೆಂದರೆ ಏನು ಮಾಡಬೇಕು? ನನ್ನ ಅಜ್ಜ ಅನ್ನ ತಿಂದದ್ದು ಈ ಒಂದು ಪ್ರಶ್ನೆಯಿಂದ.

ಇದಕ್ಕೆ ನಮ್ಮ ಸೀಮೆಯಲ್ಲಿ ಕರೆಂಟು ಬರುವ ಮೊದಲೇ ಒಂದು ಉತ್ತರ ಇತ್ತು. ಮೈಲಾರದ ಕಾರಣಿಕ ನೋಡಿದವರಿಗೆ ಗೊತ್ತಿರುತ್ತದೆ. ಭರತ ಹುಣ್ಣಿಮೆಯ ಹೊತ್ತಿನ ಜಾತ್ರೆ, ಡೆಂಕನ ಮರಡಿಯ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಜನ. ಡಮರುಗ, ಡೊಳ್ಳು, "ಏಳು ಕೋಟಿ" ಕೂಗು. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ, ಆಕಾಶ ನೋಡಿ, "ಸದ್ದಲೇ!" ಅನ್ನುತ್ತಾನೆ. ಅಷ್ಟೇ. ಲಕ್ಷಾಂತರ ಜನ ಒಂದೇ ಸಲಕ್ಕೆ ಗಪ್‌ಚಿಪ್. ಆ ಮೌನದಲ್ಲಿ ಒಂದೇ ಒಂದು ಸಾಲು ಕಾರಣಿಕ ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಇಂಜಿನಿಯರಿಂಗ್ ಓದುವಾಗ 'ಸಿಗ್ನಲ್ ಟು ನಾಯ್ಸ್ ರೇಷಿಯೋ' ಪಾಠ ಬಂದಾಗ ನನಗೆ ನೆನಪಾದದ್ದು ಇದೇ. ಮಾತು ಕೇಳಿಸಬೇಕಾದರೆ ದಾರಿ ಎರಡೇ. ಮಾತನ್ನು ಜೋರು ಮಾಡಬೇಕು, ಇಲ್ಲವೇ ಉಳಿದ ಸದ್ದನ್ನು ಕಡಿಮೆ ಮಾಡಬೇಕು. ಮೈಲಾರ ಎರಡನೇ ದಾರಿ ಹಿಡಿಯಿತು. ವಾಲ್ವ್ ಬಂದದ್ದು ಮೊದಲನೇ ದಾರಿಗಾಗಿ.

*

ವಾಲ್ವ್ ಅಂದರೇನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ತುಂಗಭದ್ರೆಯ ಕಾಲುವೆ ನೋಡಿದ್ದೀರಲ್ಲ. ಹಿಂದೆ ಅಷ್ಟೊಂದು ನೀರು ಒತ್ತಿಕೊಂಡು ನಿಂತಿರುತ್ತದೆ, ತೂಬಿನ ಬಾಗಿಲನ್ನು ಒಬ್ಬ ಮನುಷ್ಯ ತಿರುಗಿಸಿ ಏರಿಸುತ್ತಾನೆ, ಇಳಿಸುತ್ತಾನೆ. ಅವನ ಕೈಯ ಚಿಕ್ಕ ಚಲನೆಗೆ ತಕ್ಕ ಹಾಗೆ ದೊಡ್ಡ ಪ್ರವಾಹ ಹೆಚ್ಚು ಕಡಿಮೆ ಆಗುತ್ತದೆ. ವಾಲ್ವ್ ಕೂಡ ಒಂದು ತೂಬು. ಗಾಳಿ ತೆಗೆದ ಗಾಜಿನ ಬುಡ್ಡಿಯೊಳಗೆ ಕಾದ ತಂತಿಯೊಂದು ಎಲೆಕ್ಟ್ರಾನುಗಳನ್ನು ಬಿಡುತ್ತದೆ, ಎದುರಿನ ಪ್ಲೇಟು ನೂರಾರು ವೋಲ್ಟ್ ಹೊತ್ತು ಅವನ್ನು ಎಳೆಯುತ್ತದೆ. ನಡುವೆ ಒಂದು ಜಾಲರಿ. ಮೈಕಿನಿಂದ ಬಂದ ಸಣ್ಣ ವೋಲ್ಟೇಜು ಆ ಜಾಲರಿಗೆ ಹೋದರೆ ದೊಡ್ಡ ಪ್ರವಾಹ ಅದರ ತಾಳಕ್ಕೆ ಕುಣಿಯುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಜಾಲರಿ ಇಲ್ಲದ ವಾಲ್ವ್ ಮಾಡಿದ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೇ ತಂತಿ ಸೇರಿಸಿದ. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಮುಂದೆ ಮೈಕಿನಲ್ಲಿ ಭಾಷಣ ಮಾಡಿದ. ಅಲ್ಲಿಂದ ಜಗತ್ತಿನಲ್ಲಿ ಮೈಕ್ ಸೆಟ್ಟಿನ ಕಾಲ ಶುರು.

ಈಗ ಬೇಸ್ ಗಿಟಾರಿನ ಕಥೆ. ಅಮೆರಿಕದ ಡಾನ್ಸ್ ಬ್ಯಾಂಡುಗಳಲ್ಲಿ ಆಳೆತ್ತರದ ಡಬಲ್ ಬೇಸ್ ಎಂಬ ವಾದ್ಯ ಇತ್ತು, ಈಗಲೂ ಇದೆ. ಅದರ ಕಷ್ಟ ಏನೆಂದರೆ ತುತ್ತೂರಿ, ಡ್ರಮ್ಮುಗಳ ನಡುವೆ ಅದರ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಎವರೆಟ್ ಹಲ್ ಎಂಬ ಬೇಸ್ ವಾದಕ 1940ರ ದಶಕದಲ್ಲಿ ಡಬಲ್ ಬೇಸಿನ ಕೆಳಗಿನ ಊರುಗೋಲಿನೊಳಗೆ ಮೈಕ್ ಕೂರಿಸಿದ. ಊರುಗೋಲಿಗೆ ಇಂಗ್ಲಿಷಿನಲ್ಲಿ ಪೆಗ್. 'ಆಂಪ್ಲಿಫೈಡ್ ಪೆಗ್' ಎಂಬುದೇ ಮುಂದೆ 'ಆಂಪೆಗ್' ಕಂಪನಿಯ ಹೆಸರಾಯಿತು. 1951ರಲ್ಲಿ ಲಿಯೋ ಫೆಂಡರ್ ಎಂಬಾತ ಪ್ರಿಸಿಷನ್ ಬೇಸ್ ಎಂಬ ಗಟ್ಟಿ ಮರದ ಬೇಸ್ ಗಿಟಾರ್ ತಂದ. ಅದಕ್ಕೆಂದೇ 1952ರಲ್ಲಿ ಬೇಸ್‌ಮನ್ ಎಂಬ ವಾಲ್ವ್ ಆಂಪ್ಲಿಫೈಯರ್ ಮಾಡಿದ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು ಈ ಬೇಸ್‌ಮನ್ ಸರ್ಕ್ಯೂಟನ್ನೇ ಹೆಚ್ಚು ಕಡಿಮೆ ಹಾಗೇ ಎತ್ತಿಕೊಂಡು ಮೊದಲ ಮಾರ್ಷಲ್ ಮಾಡಿದರು. ರಾಕ್ ಸಂಗೀತದ ಕಿರುಚಾಟ ಹುಟ್ಟಿದ್ದು ಬೇಸಿಗೆಂದು ಮಾಡಿದ ಪೆಟ್ಟಿಗೆಯ ವಂಶದಲ್ಲಿ! 1969ರಲ್ಲಿ ಆಂಪೆಗ್‌ನವರು 300 ವ್ಯಾಟಿನ ಎಸ್‌ವಿಟಿ ತಂದರು. ಅದರಲ್ಲಿ 14 ವಾಲ್ವು, ಸ್ಪೀಕರ್ ಬಿಟ್ಟು ಪೆಟ್ಟಿಗೆಯೊಂದೇ ಸುಮಾರು 40 ಕಿಲೋ. ಬೇಸ್ ನುಡಿಸುವವರು ಇವತ್ತಿಗೂ ಹಂಬಲಿಸುವುದು ಅದಕ್ಕೇ.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಬೇರೆ ಒಂದು ವಿಷಯ. ಲಿಯೋ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವನು ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ತಾನೇ ಜೋಡಿಸಿದ ಮೈಕ್ ಸೆಟ್ಟುಗಳನ್ನು ಸಭೆ ಸಮಾರಂಭಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಅಂದರೆ ನಮ್ಮ ಅಜ್ಜ!

*

ಅಜ್ಜ ಮೈಕ್ ಸೆಟ್ಟಿನ ಬಾಡಿಗೆಗೆ ಇಳಿದದ್ದು 1960ರ ದಶಕದಲ್ಲಿ, ಒಂದು ಜೋಡಿ ಎತ್ತು ಮಾರಿ. ಆ ಹೊತ್ತಿಗೆ ದೇಶಕ್ಕೆ ಮೈಕು ಹೊಸದೇನಲ್ಲ. ಮುಂಬಯಿಯ ಮೋಟ್ವಾನೆ ಮನೆತನದವರ 'ಶಿಕಾಗೋ ರೇಡಿಯೋ' ಸ್ವಾತಂತ್ರ್ಯಕ್ಕೆ ಮೊದಲೇ ಕಾಂಗ್ರೆಸ್ ಸಭೆಗಳಿಗೆ ಧ್ವನಿವರ್ಧಕ ಒದಗಿಸುತ್ತಿತ್ತು. ಗಾಂಧಿ, ನೆಹರೂ ಭಾಷಣದ ಹಳೇ ಫೋಟೋಗಳಲ್ಲಿ ಮೈಕಿನ ಮೇಲೆ ಆ ಹೆಸರು ಕಾಣುತ್ತದೆ, ಗಮನಿಸಿ ನೋಡಿ. 1940ರಲ್ಲಿ ಶುರುವಾದ ದಿಲ್ಲಿಯ ಅಹುಜಾ ಕಂಪನಿಯ ಹೆಸರಂತೂ ನಮ್ಮ ಕಡೆ ಮೈಕಿಗೇ ಇನ್ನೊಂದು ಹೆಸರು. ಇನ್ನು ವಾಲ್ವುಗಳು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. 1960ರ ದಶಕದ ಆರಂಭದಲ್ಲಿ ಅಲ್ಲೇ ರೇಡಿಯೋ ವಾಲ್ವುಗಳ ತಯಾರಿಕೆ ಶುರುವಾಯಿತು. ಅಜ್ಜನ ಸೆಟ್ಟಿನೊಳಗಿನ ಚಿಕ್ಕ ವಾಲ್ವಿನ ಗಾಜಿನ ಮೇಲೆ 'ಬಿಇಎಲ್' ಅಂತ ಮಾಸಿದ ಅಕ್ಷರ ನೋಡಿದಾಗ ನನಗೆ ಆದ ಖುಷಿ ಹೇಳತೀರದು. ನಾನು ದಿನಾ ಆಫೀಸಿಗೆ ಹೋಗುವುದು ಜಾಲಹಳ್ಳಿ ಕ್ರಾಸಿನ ಮೇಲೆಯೇ!

ಮೈಕ್ ಬರುವ ಮೊದಲು ನಮ್ಮ ಕಡೆ ದೊಡ್ಡಾಟ ರಾತ್ರಿಯಿಡೀ ನಡೆಯುತ್ತಿತ್ತು. ಮದ್ದಳೆ, ಹಾರ್ಮೋನಿಯಂ, ತಾಳ. ಪಾತ್ರಧಾರಿಗೆ ಮೊದಲು ಬೇಕಾದದ್ದು ಗಂಟಲು. ಗುಬ್ಬಿ ವೀರಣ್ಣನವರ ಕಾಲದ ಕಂಪನಿ ನಾಟಕಗಳಲ್ಲೂ ಅಷ್ಟೇ, ಕೊನೆಯ ಸಾಲಿನ ನಾಲ್ಕಾಣೆ ಗಿರಾಕಿಗೂ ಕಂದಪದ್ಯ ಕೇಳಬೇಕು. ಎತ್ತರದ ಶ್ರುತಿಯಲ್ಲಿ ಹಾಡದೆ ಗತಿಯಿರಲಿಲ್ಲ. ಮೈಕ್ ಬಂದ ಮೇಲೆ ಇದು ಬದಲಾಯಿತು. ರಂಗದ ಮಧ್ಯೆ ಮೇಲಿನಿಂದ ಒಂದು ಮೈಕ್ ಇಳಿಬಿಡುತ್ತಿದ್ದರು. ಪಾತ್ರಗಳು ತಮ್ಮ ಮಾತು ಬಂದಾಗ ಅದರ ಕೆಳಗೆ ಬಂದು ನಿಂತು, ಮುಖ ಮೇಲೆತ್ತಿ ಮಾತಾಡಿ, ಹಿಂದೆ ಸರಿಯುವುದು. ನಾವೆಲ್ಲ ಚಿಕ್ಕವರಿದ್ದಾಗ ಊರ ನಾಟಕದಲ್ಲಿ ದುರ್ಯೋಧನನೂ ಭೀಮನೂ ಬೈದಾಡುತ್ತಲೇ ಮೈಕಿಗಾಗಿ ಒಬ್ಬರನ್ನೊಬ್ಬರು ಸರಿಸುತ್ತಿದ್ದದ್ದು ನೆನಪಿದೆ.

ಆದರೆ ಎಷ್ಟೋ ಮೆತ್ತಗಿನ ದನಿಗಳಿಗೆ ಜಾಗ ಸಿಕ್ಕಿದ್ದೂ ಆ ಒಂದು ಮೈಕಿನಿಂದಲೇ. ಗಂಟಲು ಹರಿಯುವಂತೆ ಕೂಗಲಾಗದ ಮುದುಕ ಪುರಾಣ ಓದಬಹುದಾಯಿತು. ಕಡಿಮೆ ಶ್ರುತಿಯಲ್ಲಿ ಹಾಡುವ ಹೆಂಗಸು ಬಯಲಿನಲ್ಲಿ ಹಾಡಬಹುದಾಯಿತು.

ಕರೆಂಟು ಇಲ್ಲದ ಹಳ್ಳಿಗೆ ಸೆಟ್ಟು ಹೇಗೆ ಹೋಗುತ್ತಿತ್ತು ಅಂತ ಕೇಳಿದರೆ ಮಾಮ ಇವತ್ತಿಗೂ ಬೆನ್ನು ಮುಟ್ಟಿಕೊಳ್ಳುತ್ತಾನೆ. ಎತ್ತಿನ ಗಾಡಿಯಲ್ಲಿ ಸೆಟ್ಟು, ಹಾರ್ನು, ವೈರಿನ ಸುರುಳಿ, ಜೊತೆಗೆ ಲಾರಿಯ ಬ್ಯಾಟರಿ. ವಾಲ್ವಿಗೆ ನೂರಾರು ವೋಲ್ಟ್ ಬೇಕು, ಬ್ಯಾಟರಿ ಕೊಡುವುದು ಹನ್ನೆರಡು. ಅದಕ್ಕೆ ವೈಬ್ರೇಟರ್ ಅಂತ ಒಂದು ಡಬ್ಬಿ. ಒಳಗೆ ಒಂದು ಪಟ್ಟಿ ಗುಂಯ್ ಎಂದು ಅದುರುತ್ತಾ ಬ್ಯಾಟರಿಯ ಪ್ರವಾಹವನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತದೆ. ಮದುವೆ ಮುಗಿಯುವ ಮೊದಲು ಬ್ಯಾಟರಿ ಇಳಿದರೆ ಬಾಡಿಗೆಯಲ್ಲಿ ಅರ್ಧ ಕಟ್.

ಊರ ತುಂಬ ಹಾರ್ನು ಕಟ್ಟುವುದರಲ್ಲೂ ಒಂದು ಜಾಣ್ಮೆ ಇದೆ. ಹಾರ್ನಿಗೂ ಸೆಟ್ಟಿಗೂ ನಡುವೆ ನೂರಾರು ಅಡಿ ತೆಳು ವೈರು. ಸಾಮಾನ್ಯ ಸ್ಪೀಕರಿನ ಹಾಗೆ ಜೋಡಿಸಿದರೆ ಶಕ್ತಿಯೆಲ್ಲ ವೈರಿನಲ್ಲೇ ಸುಟ್ಟುಹೋಗುತ್ತದೆ. ಅದಕ್ಕೆ ಸೆಟ್ಟಿನ ಹಿಂದೆ '100 ವೋಲ್ಟ್ ಲೈನ್' ಅಂತ ಒಂದು ಜೋಡಿ ಸ್ಕ್ರೂ. ವೋಲ್ಟೇಜು ಏರಿಸಿ ಕಳಿಸಿ, ಹಾರ್ನಿನ ಹತ್ತಿರ ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿಕೊಳ್ಳುವುದು. ವಿದ್ಯುತ್ ಮಂಡಳಿಯವರು ಊರಿಂದೂರಿಗೆ ಕರೆಂಟು ಕಳಿಸುವುದೂ ಇದೇ ಲೆಕ್ಕದಲ್ಲಿ. ನಾನು ಮೂರನೇ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿದ್ದನ್ನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮಾಮ ಬೇವಿನ ಮರ ಹತ್ತಿ ಮಾಡುತ್ತಿದ್ದ.

*

ಯುಗಾದಿಯ ಮರುದಿನ ಅಟ್ಟದಿಂದ ಸೆಟ್ಟು ಇಳಿಸಿದೆವು. ಬೂದು ಬಣ್ಣದ ತಗಡಿನ ಪೆಟ್ಟಿಗೆ, ಕಂಪನಿಯ ಹೆಸರಿನ ಪಟ್ಟಿ ಎಂದೋ ಬಿದ್ದುಹೋಗಿದೆ. ಒಳಗೆ ಜೇಡನ ಬಲೆ, ಇಲಿ ಹಿಕ್ಕೆ, ಎರಡು ದೊಡ್ಡ ವಾಲ್ವು, ಎರಡು ಮೂರು ಸಣ್ಣವು. ದೊಡ್ಡವನ್ನು ಒರೆಸಿ ನೋಡಿದರೆ ಇಎಲ್ 34! ಮುಂದೆ ಮಾರ್ಷಲ್ ಆಂಪ್ಲಿಫೈಯರುಗಳಲ್ಲಿ ಕೂತದ್ದು ಅದೇ ವಾಲ್ವು. ಸಣ್ಣವು ಇಸಿಸಿ 83, ಜಗತ್ತಿನ ಅರ್ಧಕ್ಕರ್ಧ ಗಿಟಾರ್ ಆಂಪ್ಲಿಫೈಯರುಗಳ ಮೊದಲ ಮೆಟ್ಟಿಲು. ಅಲ್ಲಿ ಲಂಡನ್ನಿನಲ್ಲಿ ಗಿಟಾರಿನ ಕಿರುಚಾಟ ಹೊತ್ತ ವಾಲ್ವು ಇಲ್ಲಿ ಕೊಟ್ಟೂರಿನಲ್ಲಿ ಶರಣರ ವಚನ, ಮದುವೆ ಮನೆಯ ಹಾಡು, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹೆಸರು ಹೊತ್ತಿತ್ತು.

ಹಳೇ ಸೆಟ್ಟನ್ನು ಸೀದಾ ಪ್ಲಗ್ಗಿಗೆ ಹಾಕಬೇಡಿ, ಯಾರಾದರೂ ಮಾಡುವವರಿದ್ದರೆ. ಒಳಗಿನ ಕೆಪಾಸಿಟರುಗಳು ಒಣಗಿ ಸಿಡಿಯುತ್ತವೆ. ಬಂದ್ ಮಾಡಿದ ಮೇಲೂ ಅವುಗಳಲ್ಲಿ 400 ವೋಲ್ಟ್ ಕೂತಿರಬಹುದು, ಅದು ಜೀವ ತೆಗೆಯಬಲ್ಲದು. ನಾನು ಕೆಪಾಸಿಟರ್ ಬದಲಿಸಿದೆ. ಮಾಮ ಸೀರೀಸ್ ಬಲ್ಬಿನ ಬೋರ್ಡು ತಂದ. ನಡುವೆ ಒಂದು 100 ವ್ಯಾಟಿನ ಬಲ್ಬು, ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಸೆಟ್ಟು ಉಳಿಯುತ್ತದೆ. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಸರಿ ಇದೆ ಅಂತ ಅರ್ಥ. ಅರ್ಧ ನಿಮಿಷದಲ್ಲಿ ವಾಲ್ವುಗಳು ಕೆಂಪಾದವು. ಬಿಸಿ ಧೂಳಿನ ವಾಸನೆ. ಮಾಮ ಏನೂ ಮಾತಾಡಲಿಲ್ಲ. ಆ ವಾಸನೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಗಿಟಾರು ತೆಗೆದೆ. ಹಾರ್ನಿಗೆ ಜೋಡಿಸಲು ಹೋದೆ. ಮಾಮ ಕೈ ಹಿಡಿದ.

"ಹಾರ್ನಿಗೆ ಬ್ಯಾಡಪ್ಪ, ಯೂನಿಟ್ ಹೋಗ್ತತಿ. ಅಪ್ಪ ಡೊಳ್ಳಿನ ಮುಂದ ಮೈಕ್ ಇಡಾಕ ಯಾವತ್ತೂ ಬಿಡ್ತಿರಲಿಲ್ಲ. ದಪ್ಪ ಸದ್ದು ಹಾರ್ನಿಗೆ ಆಗಂಗಿಲ್ಲ. ಡೊಳ್ಳಿಗೆ ಮೈಕ್ ಯಾಕ ಬೇಕು? ಮೈಕ್ ಬೇಕಾಗಿರಾದು ಡೊಳ್ಳಿನ ನಡುವ ಮಾತಾಡೋನಿಗೆ!"

ಆಮೇಲೆ ಲೆಕ್ಕ ಹಾಕಿದೆ. ಹಾರ್ನಿನ ಬಾಯಿಯ ಸುತ್ತಳತೆ ನಾದದ ಅಲೆಯುದ್ದಕ್ಕಿಂತ ಕಡಿಮೆ ಇದ್ದರೆ ಅದು ಆ ಸ್ವರವನ್ನು ಹೊರಹಾಕಲಾರದು. ಅರ್ಧ ಮೀಟರ್ ಅಗಲದ ಹಾರ್ನಿನ ಸುತ್ತಳತೆ ಒಂದೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸಿದರೆ ಸುಮಾರು 220 ಹರ್ಟ್ಸ್. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್, ಅದರ ಅಲೆಯುದ್ದ 8 ಮೀಟರಿಗೂ ಹೆಚ್ಚು. ಬಿಡಿ ತಂತಿಗಳಲ್ಲಿ ಎಲ್ಲಕ್ಕಿಂತ ಮೇಲಿನದೂ 98 ಹರ್ಟ್ಸ್ ಅಷ್ಟೇ. ಅಂದರೆ ನಾಲ್ಕೂ ತಂತಿ ಹಾರ್ನಿನ ಮಿತಿಯ ಕೆಳಗೆ. ಅಷ್ಟು ಕೆಳಗಿನ ಸ್ವರ ಬಂದಾಗ ಯೂನಿಟ್ಟಿನೊಳಗಿನ ತೆಳು ಪರದೆ ಯಾವ ಒತ್ತಡವೂ ಇಲ್ಲದೆ ಎಗರಾಡಿ ಹರಿದುಹೋಗುತ್ತದೆ. ಅದಕ್ಕೇ ಮೈಕ್ ಸೆಟ್ಟುಗಳಲ್ಲಿ ಕೆಳಸ್ವರವನ್ನು ಮೊದಲೇ ಕತ್ತರಿಸುವ ಏರ್ಪಾಡು ಇರುತ್ತದೆ. ಅಜ್ಜನ ಕಾನೂನು ಸರಿಯಾಗಿತ್ತು.

ಮಾಮನ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಮೆರಿಕದಲ್ಲಿ ದಪ್ಪ ಸ್ವರ ಉಳಿದ ವಾದ್ಯಗಳ ಗದ್ದಲದಲ್ಲಿ ಮುಳುಗುತ್ತಿತ್ತು, ಅದನ್ನು ಎತ್ತಲು ವಾಲ್ವು ಬೇಕಾಯಿತು. ನಮ್ಮ ಸೀಮೆಯಲ್ಲಿ ದಪ್ಪ ಸ್ವರಕ್ಕೆ ಯಾವತ್ತೂ ಬರ ಇರಲಿಲ್ಲ. ಡೊಳ್ಳು, ಸಮಾಳ, ಮದ್ದಳೆ ಇವಕ್ಕೆ ಕರೆಂಟಿನ ಹಂಗಿಲ್ಲ. ಮುಳುಗುತ್ತಿದ್ದದ್ದು ಮನುಷ್ಯನ ಮಾತು. ಅದನ್ನು ಎತ್ತಲು ಅದೇ ವಾಲ್ವು ಬಂತು. ಉಪಕರಣ ಒಂದೇ, ಬಿಡಿಸಿದ ಗಂಟು ಪೂರ್ತಿ ಉಲ್ಟಾ. ಅಲ್ಲಿ ಅದು ವಾದ್ಯದ ಭಾಗವಾಗಿ ಹೆಸರು ಮಾಡಿತು, ಪುಸ್ತಕಗಳಾದವು, ಹಳೆಯದಾದಷ್ಟೂ ಬೆಲೆ ಏರಿತು. ಇಲ್ಲಿ ಅದು ಬೇರೆಯವರ ಮಾತು ಹೊತ್ತು ಬದಿಗೆ ಕೂತಿತ್ತು. ಅದಕ್ಕೇ ಇಲ್ಲಿ ಅದರ ಇತಿಹಾಸ ಯಾರೂ ಬರೆಯಲಿಲ್ಲ, ಕೊನೆಗೆ ಉಳಿದದ್ದು ತಾಮ್ರದ ತೂಕ.

ನಮ್ಮಲ್ಲೂ ಒಂದು ಬೇಸ್ ಗಿಟಾರು ಇದೆ ಅಂತ ನನಗೆ ತಡವಾಗಿ ಹೊಳೆಯಿತು. ಚೌಡಿಕೆ! ಒಂದು ಬದಿಗೆ ಚರ್ಮ ಬಿಗಿದ ಮರದ ಕೊಳಗ, ಒಂದೇ ತಂತಿ. ತಂತಿಯ ಬಿಗಿ ಹೆಚ್ಚು ಕಡಿಮೆ ಮಾಡುತ್ತಾ ಮೀಟಿದರೆ 'ಗುಳುಂ ಗುಳುಂ' ಎಂದು ಸ್ವರ ಜಾರುತ್ತದೆ. ಹಗರಿಬೊಮ್ಮನಹಳ್ಳಿಗೆ ಹತ್ತಿರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ದೇಶವೆಲ್ಲ ಜೋಗತಿಯರ ಹಾಡಿನ ಕಡೆ ತಿರುಗಿ ನೋಡಿತಲ್ಲ, ಆ ಎಲ್ಲಮ್ಮನ ಹಾಡಿಗೆ ಜೊತೆ ಕೊಡುವುದು ಈ ಚೌಡಿಕೆಯೇ. ಅಮ್ಮ ಕೇಳಿದ್ದು ಸರಿ ಇತ್ತು. ನಾಲ್ಕು ತಂತಿ ಕಡಿಮೆಯಲ್ಲ ಅಮ್ಮ, ಮೂರು ಹೆಚ್ಚಾಯಿತು.

*

ಕೊನೆಗೆ ಸೆಟ್ಟಿನ ಹಿಂದಿನ 8 ಓಮ್ ಸ್ಕ್ರೂಗಳಿಗೆ ಮಾಮನ ಅಂಗಡಿಯ ಹದಿನೈದು ಇಂಚಿನ ಬಾಕ್ಸು ಜೋಡಿಸಿ ನುಡಿಸಿದೆ. ಸುಳ್ಳು ಹೇಳುವುದಿಲ್ಲ, ಕೆಳಗಿನ ತಂತಿ ಸೊರಗಿತ್ತು. ಮಾತಿಗೆಂದು ಮಾಡಿದ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಚಿಕ್ಕದು, 41 ಹರ್ಟ್ಸ್ ಹೊರಲು ಅದಕ್ಕೆ ತಾಕತ್ತಿಲ್ಲ. ಆದರೆ ಮೇಲಿನ ಎರಡು ತಂತಿಗಳ ಮೇಲೆ ನುಡಿಸಿದಾಗ... ಹುಣಸೆಹಣ್ಣಿನ ಬಣ್ಣದ ಸದ್ದು ಅಂದರೆ ನಗಬೇಡಿ, ನನಗೆ ಬೇರೆ ಮಾತು ಸಿಗುತ್ತಿಲ್ಲ. ಸ್ವಲ್ಪ ಜೋರು ಮಾಡಿದರೆ ಅಂಚು ಒರಟಾಗುತ್ತದೆ, ಒಡೆಯುವುದಿಲ್ಲ.

ಇನ್ನೊಂದು ವಿಚಿತ್ರ. ಕೆಳಗಿನ ತಂತಿ ಸೊರಗಿದ್ದರೂ ಕಿವಿಗೆ ಅದೇ ಸ್ವರ ಅಂತ ಗೊತ್ತಾಗುತ್ತಿತ್ತು. ಕಾರಣ ಇದೆ. ಒಂದು ತಂತಿ ಮೀಟಿದರೆ 41 ಹರ್ಟ್ಸ್ ಮಾತ್ರ ಅಲ್ಲ, 82, 123, 164 ಹೀಗೆ ಅದರ ಮಕ್ಕಳು ಮರಿಗಳೂ ಹೊರಡುತ್ತವೆ. ವಾಲ್ವು ತನ್ನ ಕಡೆಯಿಂದ ಇನ್ನಷ್ಟು ಸೇರಿಸುತ್ತದೆ. ಕಿವಿ ಈ ಮಕ್ಕಳ ಸಾಲನ್ನು ನೋಡಿ ಇಲ್ಲದ ತಾಯಿಯನ್ನು ತಾನೇ ಊಹಿಸಿಕೊಳ್ಳುತ್ತದೆ. ಹಳೇ ಲ್ಯಾಂಡ್‌ಲೈನ್ ಫೋನು 300 ಹರ್ಟ್ಸಿನ ಕೆಳಗಿನದನ್ನು ಕಳಿಸುತ್ತಲೇ ಇರಲಿಲ್ಲ, ಆದರೂ ಅಪ್ಪನ ದಪ್ಪ ದನಿ ನಮಗೆ ದಪ್ಪಗೇ ಕೇಳುತ್ತಿತ್ತಲ್ಲ, ಹಾಗೆ.

ಹೊರಡುವ ಮೊದಲು ಮಾಮ ಒಂದು ಆಸೆ ಪಟ್ಟ. ಮಾಳಿಗೆಯ ಮೇಲೆ ಹಳೇ ಹಾರ್ನು ಇಟ್ಟು ಸೆಟ್ಟಿಗೆ ಜೋಡಿಸಿದ. ಮೈಕ್ ಊದಿ, "ಹಲೋ... ಮೈಕ್ ಟೆಸ್ಟಿಂಗ್... ಒನ್, ಟೂ, ತ್ರೀ..." ಅಂದ. ಎರಡು ನಿಮಿಷ ಆಗಿಲ್ಲ, ಹಿಂದಿನ ಓಣಿಯ ಅಜ್ಜಿಯೊಬ್ಬಳು ಸೆರಗು ಸರಿ ಮಾಡಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು.

"ಯಾರು ಹೋದ್ರಪ್ಪ?"

ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅಜ್ಜನೇ ಈ ಸೆಟ್ಟಿನಲ್ಲಿ ಸಾರುತ್ತಿದ್ದನಂತೆ. ಇದನ್ನು ಬಂದ್ ಮಾಡಿ ಎಷ್ಟೋ ವರ್ಷ ಆಗಿದೆ. ಆದರೂ ಅವಳಿಗೆ ಸದ್ದಿನ ಗುರುತು ಸಿಕ್ಕಿತ್ತು. ಮಾಮ "ಯಾರೂ ಹೋಗಿಲ್ಲ ಯವ್ವಾ, ಸೆಟ್ಟು ರಿಪೇರಿ" ಅಂದ. "ನಿಮ್ಮಪ್ಪನ ಸೆಟ್ಟಲ್ಲೇನು?" ಅಂತ ಕೇಳಿ, ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತು ಹೋದಳು.

*

ವಾಲ್ವ್ ಸೆಟ್ಟುಗಳು ಹೋದದ್ದಕ್ಕೆ ಯಾರನ್ನೂ ದೂರುವಂತಿಲ್ಲ. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬಿನಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಕ್ರಮೇಣ ಮೈಕ್ ಸೆಟ್ಟಿಗೂ ಬಂತು. ತೂಕ ಕಡಿಮೆ, ಹನ್ನೆರಡು ವೋಲ್ಟಿನಲ್ಲೇ ಓಡುತ್ತದೆ, ವೈಬ್ರೇಟರಿನ ಗೋಳಿಲ್ಲ, ಗಾಡಿ ಕುಲುಕಿದರೆ ಒಡೆಯುವ ಗಾಜಿಲ್ಲ. ಮಾಮನ ಬೆನ್ನಿಗೆ ಅದು ದೊಡ್ಡ ಉಪಕಾರ. ಆಮೇಲೆ ಶಬ್ದಮಾಲಿನ್ಯ ನಿಯಮ ಬಂತು, 2000ರಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿ ಮಾಡಿತು. ಪರೀಕ್ಷೆಗೆ ಓದುವ ಮಕ್ಕಳಿಗೆ, ಕಾಯಿಲೆಯವರಿಗೆ ಅದು ಬೇಕೇ ಬೇಕಿತ್ತು. ಆದರೆ ಬೆಳಗಿನವರೆಗೆ ನಡೆಯುವ ದೊಡ್ಡಾಟಕ್ಕೆ ಕಷ್ಟವಾಯಿತು. ಈಗ ಮೆರವಣಿಗೆಗೆ ಬರುವುದು ಟ್ರಾಕ್ಟರಿನ ಮೇಲೆ ಪೇರಿಸಿದ ಡಿಜೆ ಬಾಕ್ಸು. ನಾನು ಹಂಬಲಿಸುವ ದಪ್ಪ ಸ್ವರ ಈಗ ಊರಿನಲ್ಲಿ ಬೇಕಾದಷ್ಟಿದೆ, ಎದೆ ನಡುಗುವಷ್ಟು. ಅದರ ಮುಂದೆ ಡೊಳ್ಳೂ ಕೇಳುವುದಿಲ್ಲ, ಮಾತೂ ಕೇಳುವುದಿಲ್ಲ. ಮೈಲಾರದಲ್ಲಿ ಇನ್ನೂ "ಸದ್ದಲೇ" ಅಂದರೆ ಜನ ಸುಮ್ಮನಾಗುತ್ತಾರೆ ಎಂಬುದೇ ಸಮಾಧಾನ.

ಸೆಟ್ಟು ಈಗ ನನ್ನ ಬಾಡಿಗೆ ರೂಮಿನಲ್ಲಿದೆ. ಆಫೀಸಿನ ಬ್ಯಾಂಡಿನ ಗೆಳೆಯ ಬಂದು ನೋಡಿ ಹುಚ್ಚಾದ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸೋಣ, ಮುಂದಿನ ತಗಡು ಕೊರೆದು ಹೊಸ ಜಾಕ್ ಹಾಕೋಣ, ಮೈಕಿನ ಭಾಗ ಕಿತ್ತುಬಿಡೋಣ, ಒಳ್ಳೇ ಬೇಸ್ ಆಂಪ್ಲಿಫೈಯರ್ ಆಗುತ್ತೆ ಅಂದ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ಹೊರಡುವ ಮುಂಚೆ ನಾನೂ ಅದೇ ಲೆಕ್ಕ ಹಾಕಿದ್ದೆ.

ಕೊರೆಯಲಿಲ್ಲ. ಬೇಸಿಗೆ ಬೇರೆ ಆಂಪ್ಲಿಫೈಯರ್ ದುಡಿದು ಕೊಳ್ಳಬಹುದು. ಓಣಿಯ ಅಜ್ಜಿಗೆ ಗುರುತು ಸಿಗುವ ಆ ದನಿ ಇರುವುದು ಆ ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ, ಆ ಕತ್ತರಿಸಿದ ಕೆಳಸ್ವರದಲ್ಲಿ. ಅದನ್ನು ತೆಗೆದರೆ ಇಂಥ ಪೆಟ್ಟಿಗೆ ಜಗತ್ತಿನಲ್ಲಿ ಬೇರೆ ಎಷ್ಟೋ ಇವೆ. ಭಾನುವಾರ ಸಂಜೆ ಮೇಲಿನ ಎರಡು ತಂತಿಯಲ್ಲಿ ನುಡಿಸುತ್ತೇನೆ, ಮೆಲ್ಲಗೆ. ಮಾಮ ಫೋನ್ ಮಾಡಿದಾಗ ಮೊದಲು ಕೇಳುವುದು ನನ್ನನ್ನಲ್ಲ. "ಸೆಟ್ಟು ಹೆಂಗೈತಿ?"

ನಿಮ್ಮೂರಿನಲ್ಲೂ ಯಾರದೋ ಅಟ್ಟದ ಮೇಲೆ ಇಂಥದ್ದೊಂದು ಇರುತ್ತದೆ. ತೂಕಕ್ಕೆ ಹಾಕುವ ಮೊದಲು ಅದನ್ನು ಬಾಡಿಗೆಗೆ ಒಯ್ಯುತ್ತಿದ್ದವರ ಹತ್ತಿರ ಅರ್ಧ ಗಂಟೆ ಕೂತು ಕೇಳಿ, ಬರೆದಿಡಿ. ಸೆಟ್ಟಿನ ಜೊತೆ ಹೋಗುವುದು ತಾಮ್ರ ಮಾತ್ರ ಅಲ್ಲ.